ನಂಬಿಕೆ ಇಲ್ಲ, ಆದರೂ ನಿಂಬೆಹಣ್ಣು ಇಟ್ಟೆ. ಯಾಕೆ ಹೀಗೆ?

ಸುಂಟಿಕೊಪ್ಪದವ

ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದವರು ಓದಿ.

ಇತ್ತೀಚೆಗೆ ಒಂದು ಸೆಕೆಂಡ್ ಹ್ಯಾಂಡ್ ಪಿಕಪ್ ತೆಗೆದುಕೊಂಡೆ. ಚಕ್ರದಡಿ ನಿಂಬೆಹಣ್ಣು ಇಟ್ಟೇ ಗಾಡಿ ತೆಗೆಯಬೇಕು ಅಂದರು ಅಮ್ಮ. ಬ್ರೇಕ್ ಚೆನ್ನಾಗಿದೆ, ಟೈರ್ ಹೊಸದು, ಇನ್ಶೂರೆನ್ಸ್ ಇದೆ, ಇನ್ನೇನು ಬೇಕು ಅಂತ ನಾನು ಭಾಷಣ ಬಿಗಿದೆ. ಅಮ್ಮ ಸುಮ್ಮನಾದರು. ಮಾರನೇ ದಿನ ಶುಂಠಿ ಹೇರಿಕೊಂಡು ಸಂಪಾಜೆ ಘಾಟಿ ಇಳಿಯಬೇಕಿತ್ತು. ಮಳೆ ಬೇರೆ. ಮನೆಯವರು ಏಳುವ ಮುಂಚೆ ನಾನೇ ಫ್ರಿಜ್ ತೆಗೆದು ನಿಂಬೆಹಣ್ಣು ಹುಡುಕಿ, ಕಳ್ಳನ ಹಾಗೆ ಚಕ್ರದಡಿ ಇಟ್ಟು ಗಾಡಿ ಹತ್ತಿಸಿದೆ. ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ.

ಇದು ತಮಾಷೆ ಅಂತ ಬಿಡಬಹುದು. ಆದರೆ ಮನೆಯಲ್ಲಿ ಇನ್ನೊಂದು ನಡೆಯುತ್ತಿದೆ, ಅದು ತಮಾಷೆ ಅಲ್ಲ. ತೋಟದ ಮೂಲೆಯಲ್ಲಿ ಗುಳಿಗ ದೈವದ ಕಲ್ಲಿದೆ, ವರ್ಷಕ್ಕೊಮ್ಮೆ ಕೋಳಿ ಕೊಡುವ ಪದ್ಧತಿ. ಹೋದ ವರ್ಷ ಮನೆಯಲ್ಲಿ ಸಾವಿನ ಸೂತಕ ಇದ್ದುದರಿಂದ ಕೊಡಲಿಲ್ಲ. ಈ ವರ್ಷ ಆನೆ ನುಗ್ಗಿ ಕಾಫಿ, ಬಾಳೆ ಎಲ್ಲ ತುಳಿದು ಹೋಯಿತು. ಕೋಳಿ ಕೊಡದ್ದಕ್ಕೇ ಆನೆ ಬಂತು ಅಂತ ದೊಡ್ಡಪ್ಪ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಾರೆ. ಈಗ ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸಬೇಕಂತೆ, ಅದರಲ್ಲಿ ಬಂದ ಹಾಗೆ ಪರಿಹಾರ ಮಾಡಿಸಬೇಕಂತೆ, ಖರ್ಚು ಎಲ್ಲರೂ ಹಂಚಿಕೊಳ್ಳಬೇಕಂತೆ. ದೊಡ್ಡಪ್ಪ ಡಿಗ್ರಿ ಓದಿದವರು, ಸರ್ಕಾರಿ ಕೆಲಸದಲ್ಲಿದ್ದು ರಿಟೈರ್ ಆದವರು.

ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಅವರ ಪಾರಿವಾಳದ ಕತೆ ಒಂದು ವಿಡಿಯೋದಲ್ಲಿ ನೋಡಿದೆ. 1948ರದ್ದು. ಹಸಿದ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು, ಅವು ಏನೇ ಮಾಡಲಿ ಬಿಡಲಿ, 15 ಸೆಕೆಂಡಿಗೊಮ್ಮೆ ಕಾಳು ಕೊಟ್ಟರಂತೆ. ಎಂಟರಲ್ಲಿ ಆರು ಹಕ್ಕಿಗಳು ತಮ್ಮದೇ ಒಂದೊಂದು ಆಚಾರ ಹಿಡಿದವು. ಒಂದು ಗಿರಗಿರ ಸುತ್ತುವುದು, ಇನ್ನೊಂದು ಮೂಲೆಗೆ ತಲೆ ಚಾಚುವುದು, ಹೀಗೆ. ತಾನು ಸುತ್ತಿದ್ದರಿಂದಲೇ ಕಾಳು ಬಂತು ಅಂತ ಹಕ್ಕಿಗೆ ಅನಿಸಿತು ಅನ್ನುವ ಹಾಗೆ. ಸರಿ. ಆದರೆ ಪಾರಿವಾಳಕ್ಕೆ ನಿಜ ಗೊತ್ತಿಲ್ಲ, ನನಗೆ ಗೊತ್ತಿದೆ ಅಲ್ವಾ? ಗೊತ್ತಿದ್ದೂ ಕೈ ಯಾಕೆ ಫ್ರಿಜ್ ಕಡೆ ಹೋಯಿತು? ಓದಿದವರಿಗೂ ಇದು ಯಾಕೆ ಬಿಡುವುದಿಲ್ಲ?

ದೇವರು ಇದ್ದಾನೋ ಇಲ್ಲವೋ ಅನ್ನುವ ಜಗಳ ಇಲ್ಲಿ ಬೇಡ, ದಯವಿಟ್ಟು.

---

ಕಾವೇರಿ ತೀರದವಳು

ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿದ್ದೇನೆ, ಊರು ನಾಪೋಕ್ಲು, ಈಗ ಮೈಸೂರಲ್ಲಿ ಇದ್ದೇನೆ. ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ಪಾರಿವಾಳ. ಆ ವಿಡಿಯೋದವರು ಅರ್ಧ ಕತೆ ಹೇಳಿ ಬಿಟ್ಟಿದ್ದಾರೆ. 1971ರಲ್ಲಿ ಸ್ಟ್ಯಾಡನ್ ಮತ್ತು ಸಿಮ್ಮಲ್‌ಹ್ಯಾಗ್ ಅನ್ನುವವರು ಅದೇ ತರಹದ ಪ್ರಯೋಗವನ್ನು ಇನ್ನೂ ಸೂಕ್ಷ್ಮವಾಗಿ ಗಮನಿಸುತ್ತಾ ಮಾಡಿದರು. ಕಾಳು ಬರುವ ಹೊತ್ತು ಹತ್ತಿರವಾದಂತೆ ಹೆಚ್ಚುಕಡಿಮೆ ಎಲ್ಲ ಹಕ್ಕಿಗಳೂ ಒಂದೇ ಕೆಲಸ ಮಾಡುತ್ತಿದ್ದವು, ಕೊಕ್ಕಿನಿಂದ ಕುಕ್ಕುವುದು. ಮಧ್ಯದ ಹೊತ್ತಲ್ಲಿ ಮಾತ್ರ ಸುತ್ತಾಟ, ಅಡ್ಡಾಟ. ಅಂದರೆ ಒಂದೊಂದು ಹಕ್ಕಿಗೆ ಒಂದೊಂದು ಮೂಢನಂಬಿಕೆ ಅಂಟಿತು ಅನ್ನುವಷ್ಟು ಸರಳ ಅಲ್ಲ. ಹಾಗಾಗಿ ಆ ಕತೆಯನ್ನು ತುಂಬಾ ನೆಚ್ಚಿಕೊಳ್ಳಬೇಡಿ.

ನಿಮ್ಮ ಪ್ರಶ್ನೆಗೆ ಹತ್ತಿರದ ಉತ್ತರ ಕೊಟ್ಟವರು ಜೇನ್ ರೈಸನ್ ಅನ್ನುವ ಸಂಶೋಧಕಿ, 2016ರಲ್ಲಿ. ಅದಕ್ಕೂ ಮುಂಚೆ ಮನಶ್ಶಾಸ್ತ್ರಜ್ಞ ಕಾನಮನ್ ಮುಂತಾದವರು ಹೇಳುತ್ತಿದ್ದುದು ಏನೆಂದರೆ, ಮನಸ್ಸು ಮೊದಲು ತಟ್ಟನೆ ಒಂದು ಉತ್ತರ ಎಸೆಯುತ್ತದೆ, ಆಮೇಲೆ ನಿಧಾನವಾಗಿ ಯೋಚಿಸುವ ಇನ್ನೊಂದು ಭಾಗ ಬಂದು ಅದನ್ನು ಸರಿನೋಡುತ್ತದೆ, ತಪ್ಪಿದ್ದರೆ ತಿದ್ದುತ್ತದೆ. ತಿದ್ದದೇ ಇದ್ದರೆ ತಪ್ಪು ಕಂಡಿಲ್ಲ ಅಂತ ಅರ್ಥ. ರೈಸನ್ ಹೇಳಿದ್ದು: ಇಲ್ಲ, ತಪ್ಪು ಕಾಣುವುದೇ ಬೇರೆ, ತಿದ್ದುವುದೇ ಬೇರೆ. ಇದು ಅರ್ಥವಿಲ್ಲದ್ದು ಅಂತ ಸ್ಪಷ್ಟವಾಗಿ ಗೊತ್ತಿದ್ದೂ ಮನುಷ್ಯ ಅದಕ್ಕೆ ಸೋತು ನಡೆದುಕೊಳ್ಳಬಹುದು. ಹಾಗೆ ನಡೆಯಲು ತಲೆ ಕೆಟ್ಟಿರಬೇಕಾಗಿಲ್ಲ, ದಡ್ಡರಾಗಿರಬೇಕಾಗಿಲ್ಲ.

ಇದೇ ರೈಸನ್, ಗಿಲೋವಿಚ್ ಜೊತೆ ಸೇರಿ 2008ರಲ್ಲಿ ಮಾಡಿದ ಒಂದು ಅಧ್ಯಯನ ನನಗೆ ತುಂಬಾ ಇಷ್ಟ. ಒಬ್ಬ ಹುಡುಗ ದೊಡ್ಡ ಯೂನಿವರ್ಸಿಟಿಗೆ ಅರ್ಜಿ ಹಾಕಿದ್ದಾನೆ, ಫಲಿತಾಂಶ ಬರುವ ಮುಂಚೆಯೇ ಅವನ ಅಮ್ಮ ಆ ಯೂನಿವರ್ಸಿಟಿ ಹೆಸರಿನ ಟೀ ಶರ್ಟ್ ಕಳಿಸುತ್ತಾಳೆ. ಅವನು ಅದನ್ನು ಹಾಕಿಕೊಂಡು ತಿರುಗಿದ ಅಂತ ಓದಿದವರಿಗೆ ಅವನಿಗೆ ಸೀಟು ಸಿಗುವುದಿಲ್ಲ ಅಂತ ಅನಿಸುವುದು ಜಾಸ್ತಿ, ಹಾಕಿಕೊಳ್ಳದೆ ಎತ್ತಿಟ್ಟ ಅಂತ ಓದಿದವರಿಗೆ ಕಡಿಮೆ. ಟೀ ಶರ್ಟಿಗೂ ಸೀಟಿಗೂ ಸಂಬಂಧ ಇಲ್ಲ ಅಂತ ಅವರಿಗೆಲ್ಲ ಗೊತ್ತು. ಆದರೆ "ಅಷ್ಟು ಮೆರೆದ, ಈಗ ನೋಡು" ಅನ್ನುವ ಚಿತ್ರ ತಲೆಯಲ್ಲಿ ಬೇಗ ಮೂಡುತ್ತದೆ. ಯಾವುದು ಬೇಗ ಮೂಡುತ್ತದೋ ಅದೇ ಆಗುವ ಸಾಧ್ಯತೆ ಜಾಸ್ತಿ ಅಂತ ಅನಿಸುತ್ತದೆ. ಈ ಎರಡನೇ ಮಾತನ್ನು ಟ್ವರ್ಸ್ಕಿ ಮತ್ತು ಕಾನಮನ್ 1973ರಲ್ಲೇ ಹೇಳಿದ್ದರು.

ನೀವು ಭಾಷಣ ಬಿಗಿದಿರಲ್ಲ, ಅದೇ ನಿಮ್ಮ ಟೀ ಶರ್ಟ್. ನಿಂಬೆಹಣ್ಣು ಬೇಡ ಅಂದ ಮೇಲೆ ಘಾಟಿಯ ತಿರುವಲ್ಲಿ ಏನಾದರೂ ಆದರೆ ಅಮ್ಮನ ಮುಖ, ನೆಂಟರ ಮಾತು, ಎಲ್ಲ ಸಿನಿಮಾ ಹಾಗೆ ಕಣ್ಣ ಮುಂದೆ ಓಡಿತು. ಇಟ್ಟರೆ ಖರ್ಚು ಒಂದಿಷ್ಟು ನಿಂಬೆಹಣ್ಣು. ಇಡದೆ ಏನಾದರೂ ಆದರೆ ಜೀವನ ಪೂರ್ತಿ ಕೊರಗು. ನಿಮ್ಮ ಕೈ ಮಾಡಿದ ಲೆಕ್ಕ ತಪ್ಪೇನಲ್ಲ. ನಂಬಿ ಇಟ್ಟಿದ್ದಲ್ಲ, ಕೊರಗು ತಪ್ಪಿಸಿಕೊಳ್ಳಲು ಇಟ್ಟಿದ್ದು.

ದೊಡ್ಡಪ್ಪನ ವಿಷಯ ಬೇರೆ. ಅಲ್ಲಿ ಖರ್ಚು ದೊಡ್ಡದು, ಅದಕ್ಕಿಂತ ಮುಖ್ಯವಾಗಿ ಆನೆ ಮತ್ತೆ ಬರುತ್ತದೆ.

---

ಪಾಲಿಬೆಟ್ಟ ಪ್ಲಾಂಟರ್

ಕಾವೇರಿ ತೀರದವಳು ಬರೆದದ್ದು ಚೆನ್ನಾಗಿದೆ ಅಮ್ಮ. ನಾನು ಪುಸ್ತಕ ಓದಿದ ಮನಶ್ಶಾಸ್ತ್ರಿ ಅಲ್ಲ, ವಯಸ್ಸಾದ ಕಾಫಿ ಬೆಳೆಗಾರ. ನನ್ನ ಕಣ್ಣೆದುರೇ ಒಂದು ನಂಬಿಕೆ ಕರಗಿಹೋದದ್ದನ್ನು ನೋಡಿದ್ದೇನೆ, ಅದನ್ನು ಹೇಳುತ್ತೇನೆ.

ರೋಬಸ್ಟಾ ಕಾಫಿ ಇರುವವರಿಗೆಲ್ಲ ಗೊತ್ತು, ಫೆಬ್ರವರಿ ಮಾರ್ಚಲ್ಲಿ ಹೂಮಳೆ ಬಂದರೆ ವರ್ಷ ಗೆದ್ದ ಹಾಗೆ. ಸರಿಯಾಗಿ ಒಂದು ಇಂಚು ಬಿದ್ದರೆ ಒಂದು ವಾರ ಹತ್ತು ದಿನಕ್ಕೆ ತೋಟ ಬೆಳ್ಳಗೆ. ಆಮೇಲೆ ಕಾಯಿ ಕಚ್ಚಲು ಬ್ಯಾಕಿಂಗ್ ಮಳೆ ಬೇಕು. ನಮ್ಮ ಅಪ್ಪನ ಕಾಲದಲ್ಲಿ ಆ ಎರಡು ತಿಂಗಳು ಮನೆಯಲ್ಲಿ ನಡೆಯುತ್ತಿದ್ದ ಹರಕೆಗೆ ಲೆಕ್ಕ ಇಲ್ಲ. ಮೋಡ ಕಟ್ಟಿದಾಗ ಮಳೆ ಬರುತ್ತೆ ಅಂತ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಕೊಡೆ ಹಿಡಿದು ಅಂಗಳಕ್ಕೆ ಇಳಿಯುವ ಹಾಗಿಲ್ಲ. ಮಳೆ ಅಳೆಯುವ ಗೇಜನ್ನು ಮಳೆ ನಿಲ್ಲುವ ಮುಂಚೆ ನೋಡಿದರೆ ನಿಂತೇ ಹೋಗುತ್ತದೆ ಅಂತ ಅಪ್ಪ ಬೈಯುತ್ತಿದ್ದರು. ಟೀ ಶರ್ಟ್ ಕತೆ ಓದಿದಾಗ ನನಗೆ ಆ ಗೇಜೇ ನೆನಪಾಯಿತು.

ಆಮೇಲೆ ಕೆರೆ ತೆಗೆಸಿ ಪೈಪ್ ಹಾಕಿ ಸ್ಪ್ರಿಂಕ್ಲರ್ ಬಂತು. ಮಳೆ ಬರದಿದ್ದರೆ ಮೋಟಾರ್ ಹಾಕು, ಅಷ್ಟೇ. ಯಾರೂ ಯಾರಿಗೂ ಬುದ್ಧಿ ಹೇಳಲಿಲ್ಲ, ವಿಜ್ಞಾನ ಪಾಠ ಮಾಡಲಿಲ್ಲ, ಹೂಮಳೆಯ ಆಚಾರಗಳು ತಾವಾಗಿಯೇ ಬಿದ್ದುಹೋದವು. ಇವತ್ತು ಅಂಗಳದಲ್ಲಿ ಕೊಡೆ ಬಿಚ್ಚಿದರೆ ನಮ್ಮ ಮನೆಯಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ.

ಮಲಿನೋವ್‌ಸ್ಕಿ ಅನ್ನುವ ಮಾನವಶಾಸ್ತ್ರಜ್ಞ ಮೊದಲ ಮಹಾಯುದ್ಧದ ಕಾಲದಲ್ಲಿ ಪೆಸಿಫಿಕ್‌ನ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಇದನ್ನೇ ಕಂಡಿದ್ದ ಅಂತ ಆಮೇಲೆ ಓದಿದೆ. ಅಲ್ಲಿನವರು ದಡದ ಒಳಗಿನ ಶಾಂತ ನೀರಲ್ಲಿ ಮೀನು ಹಿಡಿಯುವಾಗ ಮಂತ್ರ ಇಲ್ಲ ತಂತ್ರ ಇಲ್ಲ. ಅಲ್ಲಿ ಮೀನು ಗ್ಯಾರಂಟಿ. ತೆರೆದ ಕಡಲಿಗೆ ದೋಣಿ ಇಳಿಸುವಾಗ ಮಾತ್ರ ದೊಡ್ಡ ಮಾಟ ಮಂತ್ರ. ಅದೇ ಜನ, ಅದೇ ಬುದ್ಧಿ. ಕೈಗೆ ಸಿಗುವ ಕಡೆ ಕೆಲಸ, ಸಿಗದ ಕಡೆ ಮಂತ್ರ. ನಮ್ಮ ಇಸ್ರೋದವರು ಉಡಾವಣೆ ಮುಂಚೆ ರಾಕೆಟ್ ಮಾದರಿ ಹಿಡಿದುಕೊಂಡು ತಿರುಪತಿಗೆ ಹೋಗುವುದನ್ನು ನೋಡಿ ನಗುವವರು ಇದನ್ನು ಯೋಚಿಸಬೇಕು. ರಾಕೆಟ್ ಅಂದರೆ ತೆರೆದ ಕಡಲೇ ಅಲ್ವಾ.

ಆದರೆ ಒಂದು. ಸ್ಪ್ರಿಂಕ್ಲರ್ ಬಂದು ಹೂಮಳೆಯ ಭಯ ಹೋಯಿತು, ನಂಬಿಕೆ ಮನೆ ಬಿಟ್ಟು ಹೋಗಲಿಲ್ಲ. ಈಗ ಅದು ಆನೆಯ ಮೇಲೆ ಕೂತಿದೆ. ರೋಬಸ್ಟಾ ಬೆಲೆ ಲಂಡನ್ನಲ್ಲಿ ನಿರ್ಧಾರವಾಗುತ್ತದೆ, ಅದರ ಮೇಲೆ ಕೂತಿದೆ. ನನ್ನ ಪರಿಚಯದ ಒಬ್ಬರು ಮಂಗಳವಾರ ಕಾಫಿ ಮಾರುವುದಿಲ್ಲ, ಸೋಮವಾರಕ್ಕಿಂತ ರೇಟು ಎಷ್ಟೇ ಏರಿರಲಿ.

---

ಕುಶಾಲನಗರ ಲೆಕ್ಕ

ಪ್ಲಾಂಟರ್ ಸರ್ ಹೇಳಿದ್ದಕ್ಕೆ ಒಂದು ತಿದ್ದುಪಡಿ. ಹಿಡಿತ ತಪ್ಪಿದೆ ಅಂತ ಅನಿಸಿದಾಗ ಜನ ಇಲ್ಲದ ಆಕಾರ, ಇಲ್ಲದ ಸಂಬಂಧ ಕಾಣುತ್ತಾರೆ ಅಂತ 2008ರಲ್ಲಿ ವಿಟ್ಸನ್ ಮತ್ತು ಗ್ಯಾಲಿನ್ಸ್ಕಿ ಸೈನ್ಸ್ ಪತ್ರಿಕೆಯಲ್ಲಿ ಬರೆದಿದ್ದರು, ತುಂಬಾ ಹೆಸರಾಯಿತು. ಆಮೇಲೆ ಬೇರೆಯವರು ಅದೇ ತರಹ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. ಲ್ಯಾಬಲ್ಲಿ ಹತ್ತು ನಿಮಿಷ ಹಿಡಿತ ತಪ್ಪಿಸುವುದಕ್ಕೂ ನಿಜವಾಗಿ ಬೆಳೆ ಕೈತಪ್ಪುವುದಕ್ಕೂ ವ್ಯತ್ಯಾಸ ಇರಬಹುದು, ಇರಲಿ.

ಸುಂಟಿಕೊಪ್ಪದವರೇ, ದೊಡ್ಡಪ್ಪನ ವಿಷಯಕ್ಕೆ ನನ್ನದು ಸೀದಾ ಮಾತು. ಒಂದು ಕಾಗದದಲ್ಲಿ ನಾಲ್ಕು ಮನೆ ಎಳೆಯಿರಿ. ಕೋಳಿ ಕೊಟ್ಟೆವು, ಆನೆ ಬಂತು. ಕೊಟ್ಟೆವು, ಬರಲಿಲ್ಲ. ಕೊಡಲಿಲ್ಲ, ಬಂತು. ಕೊಡಲಿಲ್ಲ, ಬರಲಿಲ್ಲ. ದೊಡ್ಡಪ್ಪ ನೋಡುತ್ತಿರುವುದು ಮೂರನೇ ಮನೆ ಒಂದನ್ನೇ. ನಾವೆಲ್ಲರೂ ಹಾಗೆಯೇ, ತುಂಬಿದ ಮನೆ ಕಾಣುತ್ತದೆ, ಉಳಿದ ಮೂರರ ಕಡೆ ತಲೆ ತಿರುಗುವುದೇ ಇಲ್ಲ.

ಇದಕ್ಕೆ ಚಾಮರಾಜನಗರಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ಅಲ್ಲಿಗೆ ಹೋದ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಅಂತ ಎಷ್ಟು ವರ್ಷ ನಂಬಿದ್ದರು! ಹೋಗಿ ಕಳೆದುಕೊಂಡವರ ಪಟ್ಟಿ ಎಲ್ಲರ ಬಾಯಲ್ಲೂ ಇತ್ತು. ಹೋಗದೆ ಕಳೆದುಕೊಂಡವರ ಪಟ್ಟಿ ಯಾರೂ ಮಾಡಲಿಲ್ಲ. ಕರ್ನಾಟಕದಲ್ಲಿ ಐದು ವರ್ಷ ಪೂರೈಸಿದ ಮುಖ್ಯಮಂತ್ರಿಗಳನ್ನು ಬೆರಳಲ್ಲಿ ಎಣಿಸಬಹುದು. ಹಾಗಿದ್ದಾಗ ಯಾವ ಊರಿಗೆ ಹೋದರೂ ಆ ಊರಿಗೆ ಶಾಪ ಅಂಟಿಸಬಹುದಿತ್ತು. ಸಿದ್ದರಾಮಯ್ಯ 2013ರಿಂದ 2018ರ ಅವಧಿಯಲ್ಲಿ ಮತ್ತೆ ಮತ್ತೆ ಹೋದರು, ಪೂರ್ತಿ ಐದು ವರ್ಷ ಮುಗಿಸಿದರು. ಅಷ್ಟಾದ ಮೇಲೂ ಕೆಲವರು, 2018ರಲ್ಲಿ ಅವರ ಪಕ್ಷಕ್ಕೆ ಬಹುಮತ ಬರಲಿಲ್ಲವಲ್ಲ, ಅದೇ ಶಾಪ ಅಂದರು!

ವೇಸನ್ ಅನ್ನುವವರು 1960ರಲ್ಲಿ ಒಂದು ಚಿಕ್ಕ ಆಟ ಆಡಿಸಿದ್ದರು. 2, 4, 6 ಅನ್ನುವ ಮೂರು ಅಂಕಿ ಕೊಟ್ಟು, ಇದರ ಹಿಂದಿನ ನಿಯಮ ಹುಡುಕಿ, ನೀವೇ ಬೇರೆ ಅಂಕಿ ಹೇಳಿ, ಹೊಂದುತ್ತದೋ ಇಲ್ಲವೋ ಹೇಳುತ್ತೇನೆ ಅಂದರು. ಜನ 8, 10, 12 ಅಂದರು, ಸರಿ. 20, 22, 24, ಸರಿ. ಎರಡೆರಡು ಕೂಡುವುದೇ ನಿಯಮ ಅಂತ ಘೋಷಿಸಿದರು. ನಿಯಮ ಇದ್ದದ್ದು ಏರುತ್ತಾ ಹೋಗುವ ಯಾವುದೇ ಮೂರು ಅಂಕಿ. 1, 2, 50 ಅಂದಿದ್ದರೆ ತಕ್ಷಣ ಗೊತ್ತಾಗುತ್ತಿತ್ತು. ತನ್ನ ಊಹೆ ಮುರಿಯುವ ಅಂಕಿಯನ್ನು ಕೇಳಿ ನೋಡುವ ಬುದ್ಧಿ ಬಂದವರು ಕಡಿಮೆ.

ಪಕ್ಕದ ತೋಟದವರು ಹೋದ ವರ್ಷ ಕೋಳಿ ಕೊಟ್ಟಿದ್ದರಾ? ಅವರಲ್ಲಿ ಆನೆ ಬಂತಾ? ಅಷ್ಟು ಕೇಳಿ ಸಾಕು.

---

ಸುಂಟಿಕೊಪ್ಪದವ

ಕೊಟ್ಟಿದ್ದರು. ಬಂತು. ಅವರ ಬೇಲಿ ಮುರಿದೇ ನಮ್ಮ ಕಡೆ ಬಂದದ್ದು. ದೊಡ್ಡಪ್ಪನಿಗೆ ಹೇಳಿದೆ. "ಅವರು ಶ್ರದ್ಧೆಯಿಂದ ಕೊಟ್ಟಿರಲಿಕ್ಕಿಲ್ಲ" ಅಂದರು.

---

ಕುಶಾಲನಗರ ಲೆಕ್ಕ

ಮುಗಿಯಿತು. ಯಾವ ಕಡೆ ಬಿದ್ದರೂ ಗೆಲ್ಲುವ ನಾಣ್ಯ ಅದು. ಓದಿದವರಿಗೂ ಯಾಕೆ ಬಿಡುವುದಿಲ್ಲ ಅಂತ ಕೇಳಿದಿರಲ್ಲ, ಉತ್ತರ ಸಿಕ್ಕಿತು. ಓದಿದವರಿಗೆ ಇಂಥ ವಿವರಣೆ ಬೇಗ ಹೊಳೆಯುತ್ತದೆ.

---

ರಾತ್ರಿ ಪಾಳಿ

ನಾನು ನರ್ಸ್. ಯಾವ ಆಸ್ಪತ್ರೆ ಅಂತ ಹೇಳುವುದಿಲ್ಲ. ನಿಂಬೆಹಣ್ಣು, ಕೋಳಿ ಎಲ್ಲ ನನಗೆ ಚಿಂತೆ ಇಲ್ಲ. ಹಾವಿನ ವಿಷಯ ಮಾತ್ರ ಯಾರೂ ತಮಾಷೆ ಮಾಡಬೇಡಿ.

ಕಾಫಿ ಕುಯ್ಯುವ ಕಾಲದಲ್ಲಿ ತೋಟದ ಕೆಲಸಗಾರರ ಲೈನ್ ಮನೆಗಳಿಂದ ಹಾವು ಕಚ್ಚಿಸಿಕೊಂಡವರು ಬರುತ್ತಾರೆ. ಅರ್ಧ ಜನ ಮೊದಲು ಮಂತ್ರ ಹಾಕಿಸಿಕೊಂಡು, ಕಾಲಿಗೆ ಹಗ್ಗ ಬಿಗಿದುಕೊಂಡು, ಸೊಪ್ಪು ಅರೆದು ಹಚ್ಚಿಕೊಂಡೇ ಬರುವುದು. ಯಾಕೆ ಅಲ್ಲಿಗೆ ಮೊದಲು ಹೋದಿರಿ ಅಂದರೆ, "ಅವರ ಕೈಯಲ್ಲಿ ಎಷ್ಟೋ ಜನ ಬದುಕಿದ್ದಾರೆ ಸಿಸ್ಟರ್" ಅನ್ನುತ್ತಾರೆ. ಅದು ಸುಳ್ಳಲ್ಲ. ಬದುಕಿದ್ದಾರೆ. ಯಾಕೆ ಬದುಕಿದರು ಅನ್ನುವುದು ಮುಖ್ಯ.

ಕಚ್ಚುವ ಹಾವುಗಳಲ್ಲಿ ವಿಷ ಇಲ್ಲದವೇ ಜಾಸ್ತಿ, ಕೇರೆ ಹಾವಿನ ತರಹದವು. ವಿಷದ ಹಾವು ಕಚ್ಚಿದರೂ ಎಷ್ಟೋ ಸಲ ಮೈಗೆ ವಿಷ ಬಿಟ್ಟಿರುವುದಿಲ್ಲ, ಹಲ್ಲು ಮಾತ್ರ ಊರಿರುತ್ತದೆ. ಕಾಫಿ ಗಿಡದಲ್ಲಿ ಸುತ್ತಿಕೊಂಡು ಕೂರುವ ಗುಳಿಮಂಡಲ ಕಚ್ಚಿದರೆ ನೋವು, ಊತ ಭಯಂಕರ, ಆದರೆ ಜೀವ ಹೋಗುವುದು ಅಪರೂಪ. ಅಂದರೆ ಮಂತ್ರದವರ ಹತ್ತಿರ ಹೋದ ಹೆಚ್ಚಿನವರು ಹೇಗೂ ಬದುಕುವವರೇ. ಹೆಸರು ಮಂತ್ರಕ್ಕೆ ಹೋಗುತ್ತದೆ. ನಾಗರಹಾವೋ ಕೊಳಕುಮಂಡಲವೋ ಕಟ್ಟಹಾವೋ ಸರಿಯಾಗಿ ವಿಷ ಬಿಟ್ಟಿದ್ದರೆ ಆ ಮನುಷ್ಯ ಸಾಯುತ್ತಾನೆ, ಆಗ "ತಡವಾಗಿ ಬಂದ, ಹಣೆಬರಹ" ಅನ್ನುತ್ತಾರೆ. ಲೆಕ್ಕದವರು ಹೇಳಿದ ನಾಲ್ಕು ಮನೆ ನೋಡಿ, ಒಂದು ಮನೆಯವರು ಬಂದು ಸಾಕ್ಷಿ ಹೇಳುವ ಸ್ಥಿತಿಯಲ್ಲೇ ಇರುವುದಿಲ್ಲ.

ನಮ್ಮ ದೇಶದಲ್ಲಿ ಹಾವು ಕಚ್ಚಿ ಸಾಯುವವರು ವರ್ಷಕ್ಕೆ ಸರಾಸರಿ 58 ಸಾವಿರ ಅಂತ 2000ದಿಂದ 2019ರವರೆಗಿನ ಅಂದಾಜು. ಹಾವಿನ ವಿಷಕ್ಕೆ ಕೊಡುವ ಔಷಧಿ, ಆಂಟಿವೆನಮ್, ಇರುವುದು ನಾಲ್ಕು ಹಾವಿಗೆ: ನಾಗರ, ಕಟ್ಟಹಾವು, ಕೊಳಕುಮಂಡಲ, ಗರಗಸಮಂಡಲ. ಗೂನು ಮೂಗಿನ ಚಿಕ್ಕ ಮಂಡಲ ಒಂದಿದೆ ನಮ್ಮ ಕಡೆ, ಅದಕ್ಕೆ ಈ ಆಂಟಿವೆನಮ್ ಕೆಲಸ ಮಾಡುವುದಿಲ್ಲ, ಕಿಡ್ನಿಗೆ ಪೆಟ್ಟು ಬೀಳಬಹುದು, ಡಯಾಲಿಸಿಸ್ ಬೇಕಾಗಬಹುದು. ಹಗ್ಗ ಬಿಗಿಯಬೇಡಿ, ಕುಯ್ಯಬೇಡಿ, ಬಾಯಲ್ಲಿ ಹೀರಬೇಡಿ. ಕಾಲು ಅಲುಗಾಡಿಸದೆ ಜೀಪಲ್ಲಿ ಮಲಗಿಸಿಕೊಂಡು ನೇರ ಆಸ್ಪತ್ರೆಗೆ ಬನ್ನಿ. ಮಂತ್ರ ಬೇಕೇ ಬೇಕು ಅಂದರೆ ಜೀಪಲ್ಲಿ ಬರುತ್ತಾ ಫೋನಲ್ಲಿ ಹೇಳಿಸಿಕೊಳ್ಳಿ, ನನ್ನ ಅಭ್ಯಂತರ ಇಲ್ಲ. ಹೀಗೆ ಹೇಳಿದಾಗ ಜನ ಕೇಳುತ್ತಾರೆ. ಮಂತ್ರ ಸುಳ್ಳು ಅಂದರೆ ಕೇಳುವುದಿಲ್ಲ.

ಹಾವು, ನಾಯಿ, ಚೇಳು ಕಚ್ಚಿದವರನ್ನು ಚಿಕಿತ್ಸೆಗೆ ಹೋಗದ ಹಾಗೆ ತಡೆದು ಮಂತ್ರ ತಾಯಿತ ಅನ್ನುವುದು ನಮ್ಮ ರಾಜ್ಯದ 2017ರ ಕಾಯ್ದೆ ಪ್ರಕಾರ ಅಪರಾಧ, 2020ರ ಜನವರಿಯಿಂದ ಜಾರಿಯಲ್ಲಿದೆ. ಜ್ಯೋತಿಷ್ಯ, ವಾಸ್ತು ಅದರಲ್ಲಿ ಬರುವುದಿಲ್ಲ. ಹಾಗಾಗಿ ದೊಡ್ಡಪ್ಪನ ಪ್ರಶ್ನೆಗೆ ಕಾಯ್ದೆ ಅಡ್ಡ ಬರುವುದಿಲ್ಲ ಬಿಡಿ.

ಇನ್ನೊಂದು, ಚಿಕ್ಕದು. ಕೊಡವರ ಕಕ್ಕಡ ತಿಂಗಳ 18ಕ್ಕೆ, ಆ ದಿನ ಸೊಪ್ಪಲ್ಲಿ ಹದಿನೆಂಟು ಮದ್ದು ಸೇರಿರುತ್ತದೆ ಅಂತ ಮದ್ದುಸೊಪ್ಪಿನ ಪಾಯಸ ತಿಂದು ಮೂತ್ರ ಕೆಂಪಾದರೆ ಹದಿನೆಂಟು ಮದ್ದೂ ಮೈಗೆ ಹಿಡಿಯಿತು ಅಂತ ಖುಷಿ ಪಡುತ್ತೇವಲ್ಲ. ಅದು ಸೊಪ್ಪಿನ ಬಣ್ಣ, ಬೀಟ್‌ರೂಟ್ ತಿಂದರೂ ಆಗುತ್ತದೆ. ಸೊಪ್ಪಲ್ಲಿ ಒಳ್ಳೆ ಗುಣ ಇದ್ದರೂ ಇರಬಹುದು, ಬಣ್ಣ ಅದಕ್ಕೆ ಸಾಕ್ಷಿ ಅಲ್ಲ. ನಾನೂ ಪ್ರತಿ ವರ್ಷ ತಿನ್ನುತ್ತೇನೆ, ರುಚಿಗೆ.

---

ಮಕ್ಕಂದೂರು ಮನೆ

ಎಲ್ಲರೂ ಹಾವು, ಆನೆ ಅಂತಿದ್ದೀರಿ. ನಾನು 2018ರ ಆಗಸ್ಟ್ ಬಗ್ಗೆ ಹೇಳಬೇಕು. ಗುಡ್ಡ ಜಾರಿ ನಮ್ಮ ಮನೆ ಹೋಯಿತು, ನಾವು ಮಡಿಕೇರಿಯ ಪರಿಹಾರ ಕೇಂದ್ರದಲ್ಲಿ ಇದ್ದೆವು.

ಆಗ ನನಗೆ ವಿಚಿತ್ರ ಅನಿಸಿದ್ದು ಒಂದೇ. ಕೇಂದ್ರದಲ್ಲಿ ಇದ್ದವರ ಮಾತೆಲ್ಲ ಆಧಾರ್ ಕಾರ್ಡ್ ಹೋಯಿತು, ದನ ಏನಾದವೋ, ಕಂಬಳಿ ಎಲ್ಲಿ ಕೊಡುತ್ತಾರೆ, ಇಂಥದ್ದು. ಆದರೆ ಒಂದು ಗುಡ್ಡವೂ ಜಾರದ ಊರುಗಳಿಂದ, ಬೆಂಗಳೂರಿನ ನೆಂಟರಿಂದ ವಾಟ್ಸಾಪಲ್ಲಿ ಬರುತ್ತಿದ್ದುದು ಬೇರೆಯೇ. ಅಣೆಕಟ್ಟು ಒಡೆಯುತ್ತಂತೆ. ಭೂಮಿ ಒಳಗೆ ಕುದಿಯುತ್ತಿದೆಯಂತೆ. ಇಂಥ ತಾರೀಕಿಗೆ ಇನ್ನೂ ದೊಡ್ಡದು ಕಾದಿದೆಯಂತೆ, ಯಾರೋ ಹೇಳಿದ್ದಾರಂತೆ. ಕಳೆದುಕೊಂಡ ನಮಗಿಂತ ಕಳೆದುಕೊಳ್ಳದವರಿಗೇ ಭಯ ಜಾಸ್ತಿ ಇತ್ತು. ಆಗ ಸಿಟ್ಟು ಬಂದಿತ್ತು, ಇವರಿಗೆ ಇದೊಂದು ಮಜಾ ಅಂತ.

ಆಮೇಲೆ ಓದಿದಾಗ ಸ್ವಲ್ಪ ಅರ್ಥ ಆಯಿತು. 1934ರ ಜನವರಿ 15ರಂದು ಬಿಹಾರದಲ್ಲಿ ದೊಡ್ಡ ಭೂಕಂಪ ಆಯಿತು. ಆಗ ಹರಡಿದ ಗಾಳಿಮಾತುಗಳನ್ನು ಪ್ರಸಾದ್ ಅನ್ನುವ ಮನಶ್ಶಾಸ್ತ್ರಜ್ಞರು ಸಂಗ್ರಹಿಸಿದ್ದರು. ಭೂಮಿ ನಡುಗಿದ್ದು ಗೊತ್ತಾಗಿ, ಹಾನಿ ಮಾತ್ರ ಆಗದ ಜಾಗಗಳ ಮಾತುಗಳು ಅವು. ಪಟ್ನಾಕ್ಕೆ ಚಂಡಮಾರುತ ಬರುತ್ತಂತೆ, ಚಂದ್ರಗ್ರಹಣದ ದಿನ ಮತ್ತೆ ಭೂಕಂಪವಂತೆ, ಪ್ರಳಯವಂತೆ. ನಮ್ಮ ವಾಟ್ಸಾಪ್ ಓದಿದ ಹಾಗೇ ಇದೆ. ಆಮೇಲೆ 1950ರಲ್ಲಿ ಡಾರ್ಜಿಲಿಂಗ್‌ನಲ್ಲಿ ಗುಡ್ಡ ಕುಸಿಯಿತು, ಅದನ್ನು ಸಿನ್ಹಾ ಅನ್ನುವವರು ಅಧ್ಯಯನ ಮಾಡಿದರು. ಅಲ್ಲಿ ನಾಶವನ್ನು ಕಣ್ಣಾರೆ ಕಂಡವರ ನಡುವೆ, ಇನ್ನೂ ದೊಡ್ಡದು ಬರುತ್ತದೆ ಅನ್ನುವಂಥ ಮಾತುಗಳು ಹಾಗೆ ಹರಡಿರಲಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಫೆಸ್ಟಿಂಗರ್ 1957ರಲ್ಲಿ ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಅವನು ಹೇಳಿದ್ದು: ನಡುಕ ಮೈಗೆ ಹತ್ತಿದೆ, ಹೆದರಿಕೆ ಇಳಿಯುತ್ತಿಲ್ಲ, ಆದರೆ ಸುತ್ತ ನೋಡಿದರೆ ಹೆದರುವಂಥದ್ದು ಏನೂ ಇಲ್ಲ. ಆಗ ಮನಸ್ಸು ಹೆದರಿಕೆಗೆ ತಕ್ಕ ಕಾರಣ ಹುಡುಕುತ್ತದೆ. ಸುದ್ದಿ ಬಂದು ಭಯ ಹುಟ್ಟಿಸಿದ್ದಲ್ಲ, ಮೊದಲೇ ಇದ್ದ ಭಯಕ್ಕೆ ಸುದ್ದಿ ಬೇಕಾಗಿತ್ತು. ನಮಗೆ ಪರಿಹಾರ ಕೇಂದ್ರದಲ್ಲಿ ಹುಡುಕುವ ಅಗತ್ಯ ಇರಲಿಲ್ಲ. ಕಾರಣ ಕಣ್ಣ ಮುಂದೆ ಕೆಸರಾಗಿ ಬಿದ್ದಿತ್ತು.

ಅದೇ ಬಿಹಾರ ಭೂಕಂಪದ ಬಗ್ಗೆ ಗಾಂಧೀಜಿ, ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಅಂದಿದ್ದರು. ಟಾಗೋರರು ಅದನ್ನು ಬಹಿರಂಗವಾಗಿ ವಿರೋಧಿಸಿದರು, ಪ್ರಕೃತಿಯ ಘಟನೆಗೆ ನೈತಿಕ ಕಾರಣ ಅಂಟಿಸಬಾರದು ಅಂತ. ಗಾಂಧೀಜಿಯಂಥವರೇ ಹಾಗೆ ಯೋಚಿಸಿದರು ಅಂದ ಮೇಲೆ ನಮ್ಮ ದೊಡ್ಡಪ್ಪಂದಿರ ಮೇಲೆ ಸಿಟ್ಟಾಗುವುದು ಕಷ್ಟ.

ಮತ್ತೆ ಇದರಲ್ಲಿ ಒಂದು ತೊಡಕಿದೆ. 2018ರಲ್ಲಿ, ಹೋಂಸ್ಟೇ ರೆಸಾರ್ಟ್ ಅಂತ ಗುಡ್ಡ ಬಗೆದರು, ಕಾವೇರಮ್ಮ ಮುನಿದಳು ಅಂತ ನಮ್ಮ ಹಿರಿಯರು ಹೇಳಿದರು. ಭೂವಿಜ್ಞಾನಿಗಳು ಬಂದು ನೋಡಿ ಹೇಳಿದ್ದೂ, ವಿಪರೀತ ಮಳೆಯ ಜೊತೆಗೆ ರಸ್ತೆಗೂ ಮನೆಗೂ ಗುಡ್ಡದ ಇಳಿಜಾರನ್ನು ಬೇಕಾಬಿಟ್ಟಿ ಕತ್ತರಿಸಿದ್ದು ಕಾರಣ ಅಂತ. ಇಬ್ಬರೂ ಬೆರಳು ತೋರಿಸಿದ್ದು ಒಂದೇ ಕಡೆ! ಆದರೆ ಮುನಿದಳು ಅಂದುಕೊಂಡವರು ಶಾಂತಿ ಪೂಜೆ ಮಾಡಿಸಿ ಮತ್ತೆ ಅದೇ ಇಳಿಜಾರಲ್ಲಿ ಮನೆ ಕಟ್ಟಿದರು. ನಾವು ಕಟ್ಟಲಿಲ್ಲ.

---

ಮರ ಕಡಿಯಬೇಡಿ

ಎಲ್ಲರೂ ಸೇರಿ ನಂಬಿಕೆಯನ್ನು ಹರಿದು ಹಾಕುತ್ತಿದ್ದೀರಿ. ಕೊಡಗಲ್ಲಿ 1,200ಕ್ಕೂ ಜಾಸ್ತಿ ದೇವರಕಾಡುಗಳಿವೆ. ಒಂದು ಕಡ್ಡಿ ತಂದರೂ ಮನೆಗೆ ಕೇಡು ಅನ್ನುವ ಹೆದರಿಕೆಯಿಂದ ತಾನೇ ಉಳಿದದ್ದು? ನಂಬಿಕೆ ಇಲ್ಲದ ಕಡೆ ಒಂದು ಮರ ತೋರಿಸಿ ನೋಡೋಣ. ಉಪಯೋಗ ಇರುವ ನಂಬಿಕೆ ಸುಳ್ಳಾದರೇನು?

---

ಕಾವೇರಿ ತೀರದವಳು

ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ಆದರೆ ಲೆಕ್ಕ ನೋಡಿ. 1905ರಲ್ಲಿ ಕೊಡಗಿನ ದೇವರಕಾಡು 15 ಸಾವಿರ ಎಕರೆಗೂ ಹೆಚ್ಚಿತ್ತು, 1985ರ ಹೊತ್ತಿಗೆ 6 ಸಾವಿರ ಚಿಲ್ಲರೆಗೆ ಇಳಿಯಿತು. ಆ 80 ವರ್ಷ ನಾವೇನು ನಾಸ್ತಿಕರಾಗಿದ್ದೆವಾ? ಹಬ್ಬ, ಹರಕೆ, ದೈವದ ತೆರೆ ಎಲ್ಲ ನಡೆಯುತ್ತಲೇ ಇತ್ತು. ಒತ್ತುವರಿ ಮಾಡಿದವರಲ್ಲಿ ಎಷ್ಟೋ ಜನ ಅದೇ ದೇವರಿಗೆ ಕಾಣಿಕೆ ಹಾಕುವವರು. ಗುಡಿಯ ಸುತ್ತ ಇಷ್ಟು ಮರ ಸಾಕು, ದೇವರಿಗೆ ಕಾಫಿ ತೋಟದ ಮೇಲೇನು ಕೋಪ ಅಂತ ಮನಸ್ಸು ತನಗೆ ಬೇಕಾದ ಹಾಗೆ ಗಡಿ ಸರಿಸಿಕೊಂಡಿತು. ಕಾಫಿಗೆ ಒಳ್ಳೆ ಬೆಲೆ ಬಂದಾಗ ಕೇಡಿನ ಹೆದರಿಕೆ ತಾನಾಗಿ ಸಣ್ಣದಾಗುತ್ತದೆ.

ನನಗೆ ಕಂಡ ಹಾಗೆ, ಉಳಿದ ಕಾಡುಗಳನ್ನು ಕಾದದ್ದು ಹೆದರಿಕೆ ಒಂದೇ ಅಲ್ಲ, ಊರಿನವರು ಒಬ್ಬರ ಮೇಲೊಬ್ಬರು ಇಟ್ಟ ಕಣ್ಣು. ನಾನು ಕಡಿದರೆ ದೇವರು ನೋಡುತ್ತಾನೋ ಇಲ್ಲವೋ, ಪಕ್ಕದ ಮನೆಯವರು ಖಂಡಿತ ನೋಡುತ್ತಾರೆ.

---

ಸುಂಟಿಕೊಪ್ಪದವ

ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಮಕ್ಕಂದೂರಿನವರು ಬರೆದದ್ದನ್ನು ಎರಡು ಸಲ ಓದಿದೆ.

ಭಾನುವಾರ ಮನೆಯಲ್ಲಿ ಮಾತಾಯಿತು. ಗುಳಿಗನಿಗೆ ಈ ವರ್ಷ ಕೋಳಿ ಕೊಡುತ್ತೇವೆ, ನನ್ನ ಪಾಲು ನಾನು ಹಾಕುತ್ತೇನೆ ಅಂದೆ. ಆ ದಿನ ಎಲ್ಲರೂ ಸೇರುತ್ತಾರೆ, ಊಟ ಇರುತ್ತದೆ, ಅದು ನನಗೂ ಬೇಕು. ಆನೆಯ ಹೆಸರಲ್ಲಿ ಪ್ರಶ್ನೆ, ಪರಿಹಾರ ಅಂದರೆ ಮಾತ್ರ ಒಂದು ರೂಪಾಯಿ ಕೊಡುವುದಿಲ್ಲ, ಆ ದುಡ್ಡನ್ನು ಬೇಲಿಗೆ ಹಾಕೋಣ ಅಂದೆ. ದೊಡ್ಡಪ್ಪ ಒಪ್ಪಿದರು ಅಂತ ಹೇಳಲಾರೆ, ಪ್ರಶ್ನೆಯನ್ನು ಮಳೆಗಾಲ ಕಳೆದ ಮೇಲೆ ನೋಡೋಣ ಅಂದರು. ಅವರನ್ನು ನಾಲ್ಕು ಮನೆಯ ಕಾಗದ ತೋರಿಸಿ ಸೋಲಿಸುವುದು ಆಗುವ ಮಾತಲ್ಲ, ಪ್ರಯತ್ನವನ್ನೂ ಮಾಡಲಿಲ್ಲ.

ಪ್ಲಾಂಟರ್ ಸರ್, ನಿಮ್ಮ ಕಡೆ ಆನೆ ಕಾಟ ಜಾಸ್ತಿ ಅಂತ ಕೇಳಿದ್ದೇನೆ. ಬೇಲಿ ಬಿಟ್ಟು ಬೇರೆ ಏನಾದರೂ ಮಾಡಿದ್ದೀರಾ?

---

ಪಾಲಿಬೆಟ್ಟ ಪ್ಲಾಂಟರ್

ಬೇಲಿಗೆ ದುಡ್ಡು ಹಾಕುವ ಮುಂಚೆ ಹಲಸಿನ ಮರ ಎಷ್ಟಿದೆ ನೋಡಿ. ನಮ್ಮಲ್ಲಿ ಆನೆ ಬರುವುದು ಹೆಚ್ಚಾಗಿ ಹಲಸು ಹಣ್ಣಾಗುವಾಗ, ವಾಸನೆ ಹಿಡಿದೇ ಬರುತ್ತದೆ. ಎಳೆ ಕಾಯಿ ಇರುವಾಗಲೇ ಇಳಿಸಿ ತೋಟದಿಂದ ಆಚೆ ಸಾಗಿಸಿ. ನೆರೆಯವರೂ ಇಳಿಸಬೇಕು, ಇಲ್ಲದಿದ್ದರೆ ಅವರ ಹಲಸಿಗೆ ಬಂದ ಆನೆ ನಿಮ್ಮ ಬಾಳೆ ತಿಂದು ಹೋಗುತ್ತದೆ. ಕೆರೆ ಇದ್ದರೆ ಬೇಸಿಗೆಯಲ್ಲಿ ನೀರಿಗೂ ಬರುತ್ತದೆ, ಅದಕ್ಕೆ ಏನೂ ಮಾಡಲಾಗುವುದಿಲ್ಲ.

ಮಳೆ ಪುಸ್ತಕ ಇಟ್ಟಿದ್ದೀರಿ ತಾನೇ, ಇಂಚು ಸೆಂಟು ಬರೆಯುವುದು? ಅದರ ಪಕ್ಕದ ಖಾಲಿ ಜಾಗದಲ್ಲೇ ಆನೆ ಬಂದ ತಾರೀಕು, ಯಾವ ಕಡೆಯಿಂದ ಬಂತು, ಏನು ತಿಂತು ಅಂತ ಬರೆಯಿರಿ. ಬರದ ತಿಂಗಳು "ಇಲ್ಲ" ಅಂತಲೂ ಬರೆಯಿರಿ. ಆ ಪುಸ್ತಕವನ್ನು ದೊಡ್ಡಪ್ಪನ ಕೈಗೇ ಕೊಡಿ, ಅವರು ಆಫೀಸಲ್ಲಿ ಇದ್ದವರು, ನೀಟಾಗಿ ಬರೆಯುತ್ತಾರೆ.

ತುಳಿದ ಗಿಡಗಳ ಫೋಟೋ ತೆಗೆದಿಟ್ಟಿದ್ದರೆ ಆರ್‌ಟಿಸಿ (ಪಹಣಿ) ಜೊತೆ ಅರಣ್ಯ ಇಲಾಖೆಯ ರೇಂಜ್ ಆಫೀಸಿಗೆ ಪರಿಹಾರದ ಅರ್ಜಿ ಕೊಡಿ. ತೆಗೆದಿಲ್ಲ ಅಂದರೆ ಗಿಡ ಚಿಗುರುವ ಮುಂಚೆ ಇವತ್ತೇ ತೆಗೆಯಿರಿ.